ಹಾಜರಿ ಪುಸ್ತಕವನ್ನು ಅಡ್ಡಕ್ಕೆ ಓದೋಣ

ಪಿಯುಸಿಗೆ ಸೇರಿದ ಮೊದಲ ವಾರದಲ್ಲೇ ನಮ್ಮೆಲ್ಲರ ಕಿವಿಗೆ ಬೀಳುವ ಸಂಖ್ಯೆ 75. ಶೇ. 75ರಷ್ಟು ಹಾಜರಾತಿ ಇಲ್ಲದಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರುವಂತಿಲ್ಲ ಎಂದು ಪ್ರಾಂಶುಪಾಲರು ಹೇಳುತ್ತಾರೆ, ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ, ಮನೆಗೆ ಫೋನ್ ಕೂಡ ಮಾಡುತ್ತಾರೆ. ಆದರೆ ಒಂದನೇ ತರಗತಿಯಲ್ಲೋ ಮೂರನೇ ತರಗತಿಯಲ್ಲೋ ಓದುವ ನಮ್ಮ ತಮ್ಮ ತಂಗಿಯರ ಹಾಜರಾತಿ ಎಷ್ಟು ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. "ಸಣ್ಣ ಮಗು, ಒಂದು ದಿನ ಹೋಗದಿದ್ದರೆ ಏನಾಯಿತು?" ಎಂಬುದೇ ಉತ್ತರ.

ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ಲೆಕ್ಕ ಹಾಕಿ ಹೇಳಲು ಪ್ರಯತ್ನಿಸಿದ್ದೇನೆ. ನಮ್ಮ ಎನ್‌ಎಸ್‌ಎಸ್ ಘಟಕದಿಂದ ವಾರಕ್ಕೊಮ್ಮೆ ಹತ್ತಿರದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಓದಲು ಸಹಾಯ ಮಾಡುತ್ತೇವೆ. ನಾನು ವಾಣಿಜ್ಯ ವಿಭಾಗದವಳು, ಸಂಖ್ಯಾಶಾಸ್ತ್ರ ನನ್ನ ವಿಷಯ. ಆ ಶಾಲೆಯ ಮುಖ್ಯ ಶಿಕ್ಷಕಿ ಒಂದು ತರಗತಿಯ ಹಾಜರಿ ಪುಸ್ತಕವನ್ನು ಮಕ್ಕಳ ಹೆಸರು ಬಿಟ್ಟು, ಕ್ರಮಸಂಖ್ಯೆ ಮಾತ್ರ ಬರೆದುಕೊಳ್ಳಲು ಕೊಟ್ಟರು. ಮುಂದೆ ಹೇಳುವ ಹಲವು ಮಾತುಗಳು ಆ ಪುಸ್ತಕದ ಮುಂದೆ ಕುಳಿತಾಗ ಹೊಳೆದವು.

ಸರಾಸರಿ ಎಂಬ ಪರದೆ

ಶಿಕ್ಷಕರು ಹಾಜರಿ ಕರೆಯುವಾಗ ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ತುಂಬುತ್ತಾರೆ. ಇಂದಿನ ಕಂಬಸಾಲಿನ ಕೊನೆಯಲ್ಲಿ ಇಂದು ಬಂದವರೆಷ್ಟು ಎಂಬ ಮೊತ್ತ ಇರುತ್ತದೆ. ಬಿಸಿಯೂಟಕ್ಕೆ ಎಷ್ಟು ಅಕ್ಕಿ ಹಾಕಬೇಕು ಎಂಬುದು ಅದರ ಮೇಲೆಯೇ ನಿಂತಿದೆ. ತಿಂಗಳ ಕೊನೆಗೆ ಇವೆಲ್ಲ ಸೇರಿ ಶೇಕಡಾವಾರು ಸರಾಸರಿಯಾಗಿ ಮೇಲಿನ ಕಚೇರಿಗೆ ಹೋಗುತ್ತದೆ.

ಈ ಸರಾಸರಿ ಏನನ್ನು ಮುಚ್ಚಿಡುತ್ತದೆ ನೋಡಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ತರಗತಿಯಲ್ಲಿ 30 ಮಕ್ಕಳು, ವರ್ಷಕ್ಕೆ 200 ಶಾಲಾ ದಿನ. ಒಟ್ಟು 6,000 ಹಾಜರಿ ಆಗಬೇಕು. ಹಾಜರಾತಿ ಶೇ. 95 ಎಂದರೆ 300 ಗೈರು.

ಮೊದಲನೆಯ ತರಗತಿಯಲ್ಲಿ ಈ 300 ಗೈರು ಸಮನಾಗಿ ಹಂಚಿಹೋಗಿದೆ ಎನ್ನೋಣ. ಪ್ರತಿ ಮಗು ವರ್ಷಕ್ಕೆ 10 ದಿನ ತಪ್ಪಿಸಿದೆ. ಜ್ವರ, ಮದುವೆ, ಊರಿಗೆ ಹೋಗುವುದು ಇವೆಲ್ಲ ಸೇರಿ ಅಷ್ಟಾಗುವುದು ಸಹಜ. ಎರಡನೆಯ ತರಗತಿಯಲ್ಲಿ 25 ಮಕ್ಕಳು ತಲಾ 4 ದಿನ ಮಾತ್ರ ತಪ್ಪಿಸಿದ್ದಾರೆ, ಅದು 100. ಉಳಿದ 5 ಮಕ್ಕಳು ತಲಾ 40 ದಿನ ಬಂದಿಲ್ಲ, ಅದು 200. ಒಟ್ಟು ಮತ್ತೆ 300. ಎರಡೂ ತರಗತಿಗಳ ಸರಾಸರಿ ಶೇ. 95. ವರದಿಯಲ್ಲಿ ಎರಡಕ್ಕೂ "ಉತ್ತಮ" ಎಂಬ ಷರಾ. ಆದರೆ ಎರಡನೆಯ ತರಗತಿಯ ಐದು ಮಕ್ಕಳು ಐದನೇ ಒಂದು ಭಾಗ ಶಾಲೆಯನ್ನೇ ಕಂಡಿಲ್ಲ.

ಕೆಳಗಿನ ಮೊತ್ತದಲ್ಲಿ ಈ ಐವರು ಕಾಣಿಸುವುದಿಲ್ಲ. ಅವರನ್ನು ಕಾಣಬೇಕಾದರೆ ಹಾಜರಿ ಪುಸ್ತಕವನ್ನು ಎಡದಿಂದ ಬಲಕ್ಕೆ ಓದಬೇಕು. ಕಂಬಸಾಲು ತರಗತಿಯ ಕತೆ ಹೇಳುತ್ತದೆ, ಅಡ್ಡಸಾಲು ಮಗುವಿನ ಕತೆ ಹೇಳುತ್ತದೆ.

ಹತ್ತರಲ್ಲಿ ಒಂದು ದಿನ

ಹೀಗೆ ಪದೇ ಪದೇ ಗೈರಾಗುವುದನ್ನು ದೀರ್ಘಕಾಲಿಕ ಗೈರುಹಾಜರಿ ಎನ್ನಬಹುದು. ಅಮೆರಿಕದ ಶಾಲೆಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಬಳಸುವ ಗೆರೆ ಶೇ. 10. ಶಾಲೆ ನಡೆದ ದಿನಗಳಲ್ಲಿ ಹತ್ತರಲ್ಲಿ ಒಂದನ್ನು, ಅಥವಾ ಅದಕ್ಕಿಂತ ಹೆಚ್ಚನ್ನು ಕಳೆದುಕೊಂಡ ಮಗು ಈ ಪಟ್ಟಿಗೆ ಸೇರುತ್ತದೆ. ಕಾರಣ ಯಾವುದೇ ಇರಲಿ, ರಜಾ ಅರ್ಜಿ ಕೊಟ್ಟಿರಲಿ ಬಿಡಲಿ, ಲೆಕ್ಕ ಒಂದೇ. ರಜಾ ಅರ್ಜಿ ಕೊಟ್ಟ ಮಾತ್ರಕ್ಕೆ ತಪ್ಪಿದ ಪಾಠ ಮರಳಿ ಬರುವುದಿಲ್ಲವಲ್ಲ.

ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200, ಆರರಿಂದ ಎಂಟನೇ ತರಗತಿಗೆ 220 ಶಾಲಾ ದಿನಗಳು ಇರಬೇಕು. ಶೇ. 10 ಎಂದರೆ ಸಣ್ಣ ತರಗತಿಗಳಲ್ಲಿ 20 ದಿನ. ಶಾಲೆ ನಡೆಯುವುದು ಜೂನ್‌ನಿಂದ ಮಾರ್ಚ್‌ವರೆಗೆ ಸುಮಾರು ಹತ್ತು ತಿಂಗಳು. ಅಂದರೆ ತಿಂಗಳಿಗೆ ಬರೀ ಎರಡು ದಿನ!

ತಿಂಗಳಿಗೆ ಎರಡು ದಿನ ಎಂದರೆ ಯಾವ ತಾಯಿಗೂ ಹೆಚ್ಚೆನಿಸುವುದಿಲ್ಲ. ಆದರೆ ಒಂದನೇ ತರಗತಿಯಿಂದ ಎಂಟನೆಯವರೆಗೆ ಇದೇ ಅಭ್ಯಾಸ ನಡೆದರೆ ಐದು ವರ್ಷದ 100 ದಿನ, ಮೂರು ವರ್ಷದ 66 ದಿನ, ಒಟ್ಟು 166 ದಿನ. ಒಂದು ಶಾಲಾ ವರ್ಷದ ಬಹುಪಾಲು ಹೋಯಿತು. ನಾವು ಪಿಯುಸಿಯಲ್ಲಿ ದಾಟಲು ಹೆಣಗುವ 75ರ ಗೆರೆ ಪರೀಕ್ಷೆಗೆ ಕೂರಲು ಬೇಕಾದ ಕನಿಷ್ಠ ಹಾಜರಾತಿ ಮಾತ್ರ. ಸಣ್ಣ ಮಗುವಿಗೆ 90 ಕೂಡ ಅಪಾಯದ ಗೆರೆ.

ಸಣ್ಣ ತರಗತಿಗಳಲ್ಲಿ ಇದು ಹೆಚ್ಚು ಪೆಟ್ಟು ಕೊಡಲು ಕಾರಣ ಇದೆ. ಕಾಗುಣಿತ ಕಲಿಸಿದ ವಾರ ಬಾರದ ಮಗುವಿಗೆ ಒತ್ತಕ್ಷರದ ವಾರ ಬಂದರೂ ಅರ್ಥವಾಗುವುದಿಲ್ಲ. ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ತಪ್ಪಿಸಿದವನು ಭಾಗಾಕಾರದಲ್ಲಿ ಸಿಕ್ಕಿಬೀಳುತ್ತಾನೆ. ನಾವಾದರೆ ಗೆಳೆಯರ ನೋಟ್ಸ್ ತೆಗೆದು ಬರೆದುಕೊಳ್ಳುತ್ತೇವೆ. ಓದಲು ಬಾರದ ಮಗು ಯಾರ ನೋಟ್ಸ್ ಓದಬೇಕು? ಪಾಠ ಅರ್ಥವಾಗದ ಮಗುವಿಗೆ ಶಾಲೆ ಬೇಸರವಾಗುತ್ತದೆ, ಬೇಸರವಾದ ಮಗು ಇನ್ನಷ್ಟು ತಪ್ಪಿಸುತ್ತದೆ. ಶಾಲೆ ಬಿಡುವುದು ಒಂದೇ ದಿನದ ತೀರ್ಮಾನ ಅಲ್ಲ, ಹೀಗೆ ಒಂದೊಂದೇ ದಿನವಾಗಿ ನಡೆಯುವ ಕೆಲಸ.

ಅಡ್ಡಸಾಲಿನಲ್ಲಿ ಕಾಣುವ ಗುರುತುಗಳು

ಒಂದೊಂದು ಕ್ರಮಸಂಖ್ಯೆಯ ಸಾಲನ್ನು ಅಡ್ಡಕ್ಕೆ ನೋಡಿದಾಗ ಗೈರುಗಳು ಎಲ್ಲೆಂದರಲ್ಲಿ ಚೆಲ್ಲಿಕೊಂಡಿಲ್ಲ ಎಂಬುದು ಗೊತ್ತಾಯಿತು. ಅವಕ್ಕೊಂದು ನಮೂನೆ ಇದೆ. ನಮೂನೆ ತಿಳಿದರೆ ಕಾರಣ ಅರ್ಧ ತಿಳಿದಂತೆ.

ಮೊದಲನೆಯದು, ವಾರದ ನಿಗದಿತ ದಿನದ ಗೈರು. ನಾನು ನೋಡಿದ ಪುಸ್ತಕದಲ್ಲಿ ಒಬ್ಬ ಹುಡುಗಿಯ ಸಾಲಿನಲ್ಲಿ ಸೋಮವಾರ ಮತ್ತು ಗುರುವಾರವೇ ಮತ್ತೆ ಮತ್ತೆ 'ಗೈ' ಇತ್ತು. ಟೀಚರಿಗೆ ತೋರಿಸಿದಾಗ ಅವರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ವಿಚಾರಿಸಿದರೆ ತಿಳಿದದ್ದು, ಉಮ್ಮ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಟ್ಟು ಎಲೆ, ಹೊಗೆಸೊಪ್ಪು ತರುವ ದಿನಗಳು ಅವು. ಆ ಹೊತ್ತು ತೊಟ್ಟಿಲಲ್ಲಿರುವ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಇವಳೊಬ್ಬಳೇ. ಹುಡುಗಿಗೆ ಓದಿನಲ್ಲಿ ಆಸಕ್ತಿ ಇಲ್ಲವೆಂದು ತರಗತಿಯಲ್ಲಿ ಎಲ್ಲರೂ ತಿಳಿದಿದ್ದರು. ಅವಳ ಕೊರತೆ ಆಸಕ್ತಿಯದಲ್ಲ, ವಾರಕ್ಕೆ ಎರಡು ಬೆಳಗಿನ ಹೊತ್ತಿನದು.

ಎರಡನೆಯದು, ಒಂದೇ ಸಲಕ್ಕೆ ವಾರಗಟ್ಟಲೆ ಗೈರು. ನಮ್ಮ ಕರಾವಳಿಯ ಪೇಟೆಗಳಲ್ಲಿ ಕಟ್ಟಡ ಕೆಲಸಕ್ಕೆಂದು ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ಸರಕಾರಿ ಶಾಲೆಗಳಲ್ಲಿ ಇದ್ದಾರೆ. ಊರಿನ ಜಾತ್ರೆಗೋ ಬಿತ್ತನೆಗೋ ಹೋದರೆ ಮರಳಿ ಬರುವುದು ಯಾವಾಗ ಎಂಬುದು ಕೆಲಸದ ಮೇಲೆ ನಿಂತಿರುತ್ತದೆ. ಕೆಲವರು ಬೇರೆ ಊರಿನ ಸೈಟಿಗೆ ಹೋಗುತ್ತಾರೆ. ಮಗುವಿನ ಹೆಸರು ಇಲ್ಲಿರುತ್ತದೆ, ಮಗು ಎಲ್ಲೋ ಇರುತ್ತದೆ.

ಮೂರನೆಯದು, ಮಳೆಗಾಲದ ಗೈರು. ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನಗಳನ್ನು ಇದರಲ್ಲಿ ಸೇರಿಸಬಾರದು, ಅಂದು ಶಾಲೆಯೇ ಇಲ್ಲ. ರಜೆ ಇಲ್ಲದ ದಿನ ತೋಡು ದಾಟಲಾಗದೆ, ಬಟ್ಟೆ ಒಣಗದೆ, ಜ್ವರ ಬಿಡದೆ ಉಳಿಯುವ ಮಕ್ಕಳಿದ್ದಾರೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದ ಸುದ್ದಿ ನಮಗೆಲ್ಲ ನೆನಪಿದೆ. ಅಂಥ ದಾರಿಯಲ್ಲಿ ಮಗುವನ್ನು ಕಳಿಸದ ತಾಯಿಯನ್ನು ಯಾರೂ ಬೈಯುವಂತಿಲ್ಲ. ಅಲ್ಲಿ ಬೇಕಾದದ್ದು ಗಟ್ಟಿ ಸೇತುವೆ.

ನಾಲ್ಕನೆಯದು, ಹಬ್ಬ ಮತ್ತು ರಜೆಯ ಅಕ್ಕಪಕ್ಕದ ಗೈರು. ಇದು ನಮ್ಮ ನಮ್ಮ ಮನೆಗಳ ವಿಷಯ. ಈದ್‌ಗೆ ಸರಕಾರಿ ರಜೆ ಒಂದು ದಿನ, ನಾವು ಕುಟುಂಬದ ಮನೆಗಳಿಗೆ ಹೋಗಿಬರುವುದು ಮೂರು ದಿನ. ಸಂಬಂಧಿಕರ ಮದುವೆಗೆ ಮುಂಚಿನ ದಿನವೂ ಬೇಕು, ಮರುದಿನವೂ ಬೇಕು. ರಾತ್ರಿ ತಡವಾಗಿ ಮಲಗಿದ ಮಗು ಬೆಳಿಗ್ಗೆ ಮದ್ರಸಕ್ಕೆ ಹೇಗೋ ಹೋಗಿ ಬಂದು, ಶಾಲೆಯ ಹೊತ್ತಿಗೆ ನಿದ್ದೆ ಹೋಗುವುದೂ ಉಂಟು. ಇದರಲ್ಲಿ ಬಡತನವೂ ಇಲ್ಲ, ಕಷ್ಟವೂ ಇಲ್ಲ. ಲೆಕ್ಕ ಇಡದಿರುವುದಷ್ಟೇ.

ಐದನೆಯದು, ಹೆದರಿಕೆಯ ಗೈರು. ಕಿರುಪರೀಕ್ಷೆಯ ದಿನ, ಮಗ್ಗಿ ಒಪ್ಪಿಸುವ ದಿನ, ಗಟ್ಟಿಯಾಗಿ ಓದಿಸುವ ದಿನ ಹೊಟ್ಟೆನೋವು ಬರುವ ಮಕ್ಕಳು. ಗೇಲಿ ಮಾಡುವ ಸಹಪಾಠಿ, ಹರಿದ ಚೀಲ, ಬಾಗಿಲಿಲ್ಲದ ಶೌಚಾಲಯ ಇವೂ ಇದೇ ಸಾಲಿಗೆ ಬರುತ್ತವೆ. ಮಗು ಈ ಕಾರಣವನ್ನು ತಾನಾಗಿ ಹೇಳುವುದಿಲ್ಲ.

ಏನು ಕೆಲಸ ಮಾಡಿದೆ?

ಮಕ್ಕಳನ್ನು ಶಾಲೆಗೆ ತರುವಲ್ಲಿ ನಮ್ಮ ದೇಶ ಕಂಡ ದೊಡ್ಡ ಉಪಾಯ ಬಿಸಿಯೂಟ. ಇದರ ಇತಿಹಾಸದಲ್ಲೇ ಒಂದು ಪಾಠ ಇದೆ. 1995ರಲ್ಲಿ ಕೇಂದ್ರದ ಯೋಜನೆ ಶುರುವಾದಾಗ ಅನೇಕ ರಾಜ್ಯಗಳಲ್ಲಿ ಬೇಯಿಸಿದ ಊಟದ ಬದಲು ತಿಂಗಳಿಗೆ ಮೂರು ಕಿಲೋ ಧಾನ್ಯ ಕೊಡುತ್ತಿದ್ದರು. ಶೇ. 80 ಹಾಜರಾತಿ ಇರಬೇಕೆಂಬ ಷರತ್ತು ಕಾಗದದಲ್ಲಿತ್ತು. ಧಾನ್ಯವನ್ನು ತಿಂಗಳಿಗೊಮ್ಮೆ ಬಂದು ಒಯ್ಯಬಹುದು, ಊಟಕ್ಕೆ ಮಾತ್ರ ದಿನವೂ ಬರಬೇಕು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಶುರುವಾಗಿ ಉಳಿದೆಡೆಗೆ ಹಬ್ಬಿತು. ಅರ್ಥಶಾಸ್ತ್ರಜ್ಞೆ ಫರ್ಜಾನಾ ಆಫ್ರಿದಿ ಮಧ್ಯಪ್ರದೇಶದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಧಾನ್ಯದಿಂದ ಬಿಸಿಯೂಟಕ್ಕೆ ಬದಲಾದ ಮೇಲೆ ಒಂದನೇ ತರಗತಿಯ ಹುಡುಗಿಯರ ಹಾಜರಾತಿ 12 ಶೇಕಡಾ ಅಂಶಗಳಿಗಿಂತ ಹೆಚ್ಚು ಏರಿತ್ತು. ನಮ್ಮಲ್ಲಿ 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ಮೊಟ್ಟೆ ಅಥವಾ ಬಾಳೆಹಣ್ಣು ಅದಕ್ಕೆ ಸೇರಿವೆ.

ಎರಡನೆಯದು ಆರೋಗ್ಯ. ಕೆನ್ಯಾ ದೇಶದಲ್ಲಿ ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ 75 ಶಾಲೆಗಳಲ್ಲಿ ಜಂತುಹುಳದ ಮಾತ್ರೆ ಕೊಡುವ ಕಾರ್ಯಕ್ರಮವನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಮಾತ್ರೆ ಸಿಕ್ಕ ಶಾಲೆಗಳಲ್ಲಿ ಗೈರುಹಾಜರಿ ಕಾಲು ಭಾಗದಷ್ಟು ಇಳಿದಿತ್ತು. ಆ ಲೆಕ್ಕದ ಬಗ್ಗೆ ಮುಂದೆ ಸಂಶೋಧಕರ ನಡುವೆ ದೊಡ್ಡ ಚರ್ಚೆ ನಡೆಯಿತಾದರೂ, ಹೊಟ್ಟೆಯಲ್ಲಿ ಹುಳವಿರುವ ಮಗು ಶಾಲೆಯಲ್ಲಿ ಕೂರಲಾರದು ಎಂಬ ಮಾತು ಎಲ್ಲರ ಗಮನಕ್ಕೆ ಬಂತು. ನಮ್ಮಲ್ಲೂ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಇದೆ. ಅಂದು ಶಾಲೆಗೆ ಬಾರದ ಮಗುವಿಗೆ ಮಾತ್ರೆಯೂ ತಪ್ಪಬಾರದೆಂದು ಬಿಟ್ಟುಹೋದವರಿಗಾಗಿ ಇನ್ನೊಂದು ದಿನವನ್ನೂ ಇಡುತ್ತಾರೆ.

ಮೂರನೆಯದು, ಅತಿ ಕಡಿಮೆ ಖರ್ಚಿನದು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಟಾಡ್ ರೋಜರ್ಸ್ ಮತ್ತು ಅವಿ ಫೆಲ್ಲರ್ ಎಂಬ ಸಂಶೋಧಕರು 28,000ಕ್ಕೂ ಹೆಚ್ಚು ಮನೆಗಳನ್ನು ಗುಂಪುಗಳಾಗಿ ವಿಂಗಡಿಸಿ ಅಂಚೆ ಮೂಲಕ ಪತ್ರ ಕಳಿಸಿದರು. ಒಂದು ಗುಂಪಿಗೆ ಹಾಜರಾತಿ ಮುಖ್ಯ ಎಂಬ ಮಾತು ಮಾತ್ರ. ಇನ್ನೊಂದಕ್ಕೆ "ನಿಮ್ಮ ಮಗು ಈ ವರ್ಷ ಇಷ್ಟು ದಿನ ಬಂದಿಲ್ಲ" ಎಂಬ ಲೆಕ್ಕವೂ ಜೊತೆಗೆ. ಲೆಕ್ಕ ತಲುಪಿದ ಮನೆಗಳ ಮಕ್ಕಳಲ್ಲಿ ದೀರ್ಘಕಾಲಿಕ ಗೈರು ಶೇ. 10ರಷ್ಟು ಅಥವಾ ಅದಕ್ಕೂ ಹೆಚ್ಚು ಕಡಿಮೆಯಾಯಿತು. ತಂದೆತಾಯಿ ನಿರ್ಲಕ್ಷ್ಯದಿಂದ ಇರಲಿಲ್ಲ. ತಮ್ಮ ಮಗುವಿನ ಗೈರು ನಿಜಕ್ಕಿಂತ ಬಹಳ ಕಡಿಮೆ ಎಂದು ನಂಬಿದ್ದರು.

ನಾಲ್ಕನೆಯದು ಶಿಕ್ಷಕರ ಹಾಜರಿ. ರಾಜಸ್ಥಾನದ ಉದಯಪುರದಲ್ಲಿ ಸೇವಾ ಮಂದಿರ ಎಂಬ ಸಂಸ್ಥೆಯ ಏಕೋಪಾಧ್ಯಾಯ ಕೇಂದ್ರಗಳಲ್ಲಿ ಶಿಕ್ಷಕರು ದಿನವೂ ಮಕ್ಕಳೊಂದಿಗೆ ಫೋಟೊ ತೆಗೆಸಿಕೊಂಡು, ಬಂದ ದಿನಗಳಿಗೆ ತಕ್ಕಂತೆ ಸಂಬಳ ಪಡೆಯುವ ವ್ಯವಸ್ಥೆ ಮಾಡಿದಾಗ ಶಿಕ್ಷಕರ ಗೈರು ಶೇ. 42ರಿಂದ 21ಕ್ಕೆ ಇಳಿಯಿತು, ಮಕ್ಕಳ ಅಂಕವೂ ಏರಿತು. ನಡೆದು ಬಂದ ಮಗುವಿಗೆ ಬಾಗಿಲು ಮುಚ್ಚಿದ ಶಾಲೆ ಕಂಡರೆ ಮರುದಿನ ಅದು ಯಾಕೆ ಬರಬೇಕು?

ವಲಸೆ ಹೋಗುವ ಮಕ್ಕಳಿಗೆ ಇವು ಯಾವುವೂ ಸಾಲವು. ಅವರಿಗಾಗಿ ನಮ್ಮ ರಾಜ್ಯದಲ್ಲಿ ಟೆಂಟ್ ಶಾಲೆ, ತಂದೆತಾಯಿ ಗುಳೆ ಹೋದಾಗ ಮಕ್ಕಳು ಉಳಿಯಲು ಋತುಮಾನದ ವಸತಿ ಕೇಂದ್ರ, ಬಿಟ್ಟುಹೋದ ಪಾಠ ತುಂಬಿಕೊಡಲು ಚಿಣ್ಣರ ಅಂಗಳದಂಥ ಸೇತುಬಂಧ ಶಿಬಿರಗಳು ನಡೆದಿವೆ.

ಕಾನೂನು ಎಲ್ಲಿಯವರೆಗೆ?

2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡಿತು. ಆ ಬಳಿಕ ನಮ್ಮ ರಾಜ್ಯದಲ್ಲಿ ಏಳು ದಿನ ಹೇಳದೆ ಕೇಳದೆ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ಗುರುತಿಸಿ ಮನೆಗೆ ಹೋಗಿ ವಿಚಾರಿಸುವ ಕ್ರಮ ಬಂತು. ಇದು ಒಳ್ಳೆಯ ನಿಯಮ, ಬಿಟ್ಟುಹೋದ ಮಗುವನ್ನು ಬೇಗ ಹುಡುಕಲು ನೆರವಾಗುತ್ತದೆ. ಆದರೆ ಸೋಮವಾರ, ಗುರುವಾರ ಮಾತ್ರ ಬಾರದ ಆ ಹುಡುಗಿ ಸತತ ಏಳು ದಿನ ಎಂದೂ ತಪ್ಪಿಸುವುದಿಲ್ಲ. ವರ್ಷದ ಕೊನೆಗೆ ಅವಳು ಕಳೆದುಕೊಂಡದ್ದು ಹತ್ತು ದಿನ ಕಾಣೆಯಾಗಿ ಮರಳಿ ಬಂದವನಿಗಿಂತ ಎಷ್ಟೋ ಹೆಚ್ಚು. ನಿಯಮದ ಕಣ್ಣಿಗೆ ಬೀಳದ ಇಂಥವರನ್ನು ಅಡ್ಡಸಾಲು ಮಾತ್ರ ತೋರಿಸುತ್ತದೆ.

ಗದರಿಸುವುದು, ಹೆಸರು ಹೊಡೆಯುತ್ತೇವೆಂದು ಹೆದರಿಸುವುದು ಪ್ರಯೋಜನಕ್ಕೆ ಬಾರದು. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಎಂಟನೇ ತರಗತಿಯವರೆಗೆ ಮಗುವನ್ನು ಹೊರಹಾಕುವುದನ್ನು ತಡೆಯುತ್ತದೆ, 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಇನ್ನು ಬಹುಮಾನ? ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ 15,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಹಿಂದಿನ ಪೂರ್ಣ ಹಾಜರಾತಿಗೆ ಪ್ರಶಸ್ತಿ ಪಡೆದವರು ಮುಂದಿನ ತಿಂಗಳಲ್ಲಿ ಹೆಚ್ಚು ಗೈರಾದರು. ಬೇಕಾದುದಕ್ಕಿಂತ ಹೆಚ್ಚು ಬಂದಿದ್ದೇವೆ ಎಂದು ಅವರಿಗೆ ಅನ್ನಿಸಿರಬೇಕು. ಆ ಪ್ರಶಸ್ತಿ ಹೇಗಿದ್ದರೂ ಕಷ್ಟದಲ್ಲಿರುವ ಮಗುವಿನ ಕೈಗೆ ಸಿಗುವುದೂ ಇಲ್ಲ.

ನಾವು ಮಾಡಬಹುದಾದದ್ದು

ಬೀಡಿ ಬ್ರಾಂಚಿನ ವಿಷಯ ತಿಳಿದ ಮೇಲೆ ಟೀಚರ್ ಆ ತಾಯಿಯನ್ನು ಬೈಯಲಿಲ್ಲ. ಸಾಲನ್ನು ತೋರಿಸಿ, ಇಷ್ಟು ದಿನವಾಗಿದೆ ನೋಡಿ ಎಂದರು. ತಾಯಿಗೆ ನಿಜಕ್ಕೂ ಆಶ್ಚರ್ಯವಾಯಿತಂತೆ. ಈಗ ಗುರುವಾರ ಪಕ್ಕದ ಮನೆಯವರು ಮಗುವನ್ನು ನೋಡಿಕೊಳ್ಳುತ್ತಾರೆ. ಸೋಮವಾರದ ವ್ಯವಸ್ಥೆ ಇನ್ನೂ ಪೂರ್ತಿ ಆಗಿಲ್ಲ, ಹುಡುಗಿ ಕೆಲವು ಸೋಮವಾರ ಬರುತ್ತಾಳೆ, ಕೆಲವು ಸೋಮವಾರ ಇಲ್ಲ. ಆದರೂ ಅವಳ ಓದು ಒಂದು ಹೆಜ್ಜೆ ಮುಂದೆ ಬಂದಿರುವುದು ನಾವು ಓದಿಸುವಾಗ ಗೊತ್ತಾಗುತ್ತದೆ.

ಇದರಿಂದ ನಮ್ಮ ಕಾಲೇಜಿಗೆ ನನ್ನ ಕೆಲವು ಸಲಹೆಗಳಿವೆ.

1. ಸಂಖ್ಯಾಶಾಸ್ತ್ರ ಓದುವ ನಾವು ಆಸಕ್ತ ಶಾಲೆಗಳಿಗೆ ತಿಂಗಳಿಗೊಮ್ಮೆ ಅಡ್ಡಸಾಲಿನ ಲೆಕ್ಕ ಮಾಡಿಕೊಡಬಹುದು. ಕ್ರಮಸಂಖ್ಯೆ ಸಾಕು, ಹೆಸರು ಬೇಡ. ಶೇ. 10 ದಾಟಿದ ಸಾಲುಗಳನ್ನು ಗುರುತಿಸಿ ಶಿಕ್ಷಕರ ಕೈಗೆ ಮಾತ್ರ ಕೊಡಬೇಕು. ಊರಿನಲ್ಲಿ ಹರಡುವ ವಿಷಯ ಇದಲ್ಲ.

2. ಮನೆಗೆ ಹೋಗುವ ಸಂದೇಶ ಮನೆಯ ಮಾತಿನಲ್ಲಿರಲಿ. ಬ್ಯಾರಿ, ತುಳು, ಉರ್ದು, ಉತ್ತರ ಕರ್ನಾಟಕದ ಕನ್ನಡ ಎಲ್ಲ ಬಲ್ಲವರು ನಮ್ಮ ಕಾಲೇಜಿನಲ್ಲೇ ಇದ್ದೇವೆ. ಓದಲು ಬಾರದ ತಾಯಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಚೀಟಿಗಿಂತ ಮೇಲು.

3. ಜುಮಾ ನಮಾಝಿನ ಬಳಿಕ ಮಸೀದಿಗಳಲ್ಲಿ ಊರಿನ ವಿಷಯಗಳನ್ನು ಹೇಳುವ ರೂಢಿ ಇದೆ. ಈದ್‌ನ ಮರುದಿನ ಶಾಲೆ ಇದ್ದರೆ ಮಕ್ಕಳನ್ನು ಕಳಿಸಿ ಎಂಬ ಒಂದು ಮಾತನ್ನು ಜಮಾಅತ್ ಹಿರಿಯರಲ್ಲಿ ಕೇಳಿಕೊಳ್ಳಬಹುದು. ಮದ್ರಸ ಉಸ್ತಾದರಿಗೂ ಶಾಲೆಯ ಟೀಚರಿಗೂ ಪರಸ್ಪರ ಫೋನ್ ನಂಬರ್ ಇದ್ದರೆ, ಬೆಳಿಗ್ಗೆ ಮದ್ರಸಕ್ಕೆ ಬಂದ ಮಗು ಶಾಲೆಗೆ ಯಾಕೆ ಬಂದಿಲ್ಲ ಎಂಬುದು ಅಂದೇ ತಿಳಿಯುತ್ತದೆ.

4. ಮಳೆಗಾಲದಲ್ಲಿ ತೋಡು, ಕಾಲುಸಂಕ ದಾಟಿ ಬರುವ ಮಕ್ಕಳ ದಾರಿಗಳ ಪಟ್ಟಿ ಮಾಡಿ ಎಸ್‌ಡಿಎಂಸಿ ಮೂಲಕ ಗ್ರಾಮ ಪಂಚಾಯತಿಗೆ ಕೊಡುವ ಕೆಲಸವನ್ನು ಎನ್‌ಎಸ್‌ಎಸ್ ಘಟಕ ವಹಿಸಿಕೊಳ್ಳಬಹುದು.

5. ಗೈರಾದ ಮಗು ಮರಳಿ ಬಂದ ದಿನ "ಎಲ್ಲಿಗೆ ಹೋಗಿದ್ದೆ?" ಎಂಬ ಗದರಿಕೆಗಿಂತ "ನಿನ್ನೆ ನೀನು ಇರಲಿಲ್ಲ, ಬಾ, ಆ ಪಾಠ ನೋಡೋಣ" ಎಂಬ ಮಾತು ಕೇಳಲಿ. ನಾವು ಓದಿಸಲು ಹೋಗುವ ದಿನ ಅಂಥ ಮಕ್ಕಳನ್ನೇ ಮೊದಲು ಕೂರಿಸಿಕೊಳ್ಳೋಣ.

ಇವೆಲ್ಲಕ್ಕೂ ಮೊದಲು ನಮ್ಮ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ತಮ್ಮನ ಅಥವಾ ತಂಗಿಯ ಟೀಚರನ್ನು ಕಂಡು ಜೂನ್‌ನಿಂದ ಇಲ್ಲಿಯವರೆಗೆ ಶಾಲೆ ಎಷ್ಟು ದಿನ ನಡೆದಿದೆ, ಮಗು ಎಷ್ಟು ದಿನ ಬಂದಿಲ್ಲ ಎಂದು ಕೇಳಿ. ನಡೆದ ದಿನಗಳನ್ನು ಹತ್ತರಿಂದ ಭಾಗಿಸಿ. ಗೈರಿನ ಸಂಖ್ಯೆ ಅದಕ್ಕೆ ಸಮನಾಗಿದ್ದರೆ ಅಥವಾ ಮೀರಿದ್ದರೆ ಉಮ್ಮನೊಂದಿಗೆ ಕುಳಿತು ಆ ದಿನಗಳು ಯಾವುವು, ಯಾಕೆ ಎಂದು ಒಮ್ಮೆ ಬರೆದು ನೋಡಿ. ಅರ್ಧ ಗಂಟೆಯ ಕೆಲಸ. ಉಳಿದ ತಿಂಗಳುಗಳಲ್ಲಿ ಏನು ಬದಲಾಯಿಸಬಹುದು ಎಂಬುದು ಆ ಕಾಗದದಲ್ಲೇ ಕಾಣಿಸುತ್ತದೆ.